ನನಗೆ ಗಣಿತ ಕಲಿಸಲು ಹೊರಟವರು

ನಮ್ಮ ಕಡೆ ಯಾರನ್ನಾದರೂ ಒಂದು ಸಹಾಯ ಕೇಳಿ ನೋಡಿ. ಕೇಳಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿಕೊಡುತ್ತಾರೆ. ನೀರು ಕೇಳಿದರೆ ಚಹಾ ಕೊಡುತ್ತಾರೆ, ದಾರಿ ಕೇಳಿದರೆ ಊಟಕ್ಕೆ ಕೂಡಿಸುತ್ತಾರೆ. ನಾನು ಮ್ಯಾಟ್ರಿಕ್ಕಿನಲ್ಲಿದ್ದಾಗ ಕೇಳಿದ್ದು ಒಂದೇ, ಯಾರಾದರೂ ಸ್ವಲ್ಪ ಗಣಿತ ಹೇಳಿಕೊಡಿ ಅಂತ. ಆ ಒಂದು ವರ್ಷದಲ್ಲಿ ನನಗೆ ಸಿಕ್ಕ ಸಹಾಯವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಗ ನಾವು ಮುಂಬೈ ರಾಜ್ಯದವರು. ಸಂಸ್ಥಾನ ಹೋಗಿ ಬಹಳ ದಿನ ಆಗಿರಲಿಲ್ಲ. ನಮ್ಮ ಮನೆ ಬನಹಟ್ಟಿಯಲ್ಲಿ. ಅಪ್ಪ ನೇಕಾರ, ಅವ್ವ ರಾಟಿಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವಳು. ಮನೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಅಪ್ಪ ಕೂಡುತ್ತಿದ್ದ. ಕಾಕಾ ಬೇರೆ ಊರಿಗೆ ಹೋದ ಮೇಲೆ ಇನ್ನೊಂದು ಖಾಲಿ ಬಿದ್ದಿತ್ತು.

ಆರು ತಿಂಗಳ ಪರೀಕ್ಷೆಯಲ್ಲಿ ಗಣಿತದಲ್ಲಿ ನನಗೆ ನೂರಕ್ಕೆ ಹನ್ನೊಂದು ಬಂತು. ಅಪ್ಪ ಬೈಯಲಿಲ್ಲ. ಖಾಲಿ ಮಗ್ಗದ ಕಡೆ ಕೈ ತೋರಿಸಿ, "ಮಾರ್ಚದಾಗ ಪಾಸಾದಿ, ಕಾಲೇಜಿಗಿ ಹೋಗು. ಆಗಲಿಲ್ಲ, ಅಲ್ಲಿ ಕೂಡು" ಎಂದ. ಮಗ್ಗದ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ನನಗೆ ಓದಬೇಕಿತ್ತು. ಇತಿಹಾಸದಲ್ಲಿ ಎಪ್ಪತ್ತು, ಕನ್ನಡದಲ್ಲಿ ಅರವತ್ತೆಂಟು ತಗೊಂಡವನನ್ನು ಗಣಿತವೊಂದರ ಸಲುವಾಗಿ ಕುಣಿಗೆ ಇಳಿಸುವುದು ಯಾವ ನ್ಯಾಯ? ಹಾಗಾಗಿ ನಾನು ಸಹಾಯ ಕೇಳುತ್ತ ಹೊರಟೆ.

೧. ಮಾಸ್ತರರ ಔಷಧ

ನಮ್ಮ ಗಣಿತದ ಮಾಸ್ತರರು ಮಿರಜ ಕಡೆಯವರು, ಒಳ್ಳೆಯ ಮನುಷ್ಯರು. ಬೋರ್ಡಿನ ಮೇಲೆ ಲೆಕ್ಕ ಮುಗಿಸಿ "ತಿಳೀತಿಲ್ಲೋ?" ಎಂದು ಕೇಳುವುದು, ನಾವೆಲ್ಲ ಒಂದೇ ದನಿಯಲ್ಲಿ "ತಿಳೀತ್ರೀ ಸರ್" ಅನ್ನುವುದು ಅಲ್ಲಿಯ ಪದ್ಧತಿ. ಯಾರಿಗೂ ತಿಳಿದಿರುತ್ತಿರಲಿಲ್ಲ. ಹನ್ನೊಂದು ಮಾರ್ಕಿನ ಮರುದಿನ ನಾನು ಧೈರ್ಯ ಮಾಡಿ ಎದ್ದು ನಿಂತೆ.

"ನನಗ ತಿಳೀಲಿಲ್ರಿ ಸರ್."

ಇಡೀ ವರ್ಗ ತಿರುಗಿ ನೋಡಿತು. ಮಾಸ್ತರರಿಗೆ ಸಂತೋಷವೇ ಆಯಿತು. "ಶಾಭಾಸ್. ಹಿಂಗ ಕೇಳಬೇಕು. ಎಲ್ಲಿ ತಿಳೀಲಿಲ್ಲ?"

"ಗೊತ್ತಿಲ್ಲದ ಸಂಖ್ಯಾಕ್ಕ ಕ್ಷ ಅಂತ ಹಿಡೀರಿ ಅಂದ್ರಲ್ರಿ, ಅಲ್ಲಿಂದ ಮುಂದ ಏನೂ ತಿಳೀಲಿಲ್ರಿ."

ಅವರು ಬೋರ್ಡು ಒರೆಸಿ ಅದೇ ಲೆಕ್ಕವನ್ನು ಅದೇ ಮಾತಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳಿದರು. "ಈಗ?" ಎಂದರು. ನಾನು ಇಲ್ಲ ಎಂದೆ. ಮತ್ತೆ ಒರೆಸಿದರು, ಮತ್ತೆ ಬರೆದರು. ಈ ಸಲದ ಅಬ್ಬರಕ್ಕೆ ಜಗಳ ಹತ್ತಿದೆ ಎಂದುಕೊಂಡು ಹೆಡ್‌ಮಾಸ್ತರರು ಓಡಿ ಬಂದರು. ಗೋಡೆಯ ಆಚೆ ಭೂಗೋಳ ಕೇಳುತ್ತಿದ್ದ ವರ್ಗದವರು ಪಾಠ ಬಿಟ್ಟು ನಮ್ಮ ಲೆಕ್ಕವನ್ನು ವಹಿಯಲ್ಲಿ ಬರೆದುಕೊಂಡರಂತೆ. ಮಾಸ್ತರರ ಗಂಟಲು ಬಿದ್ದುಹೋಗುವುದರೊಳಗೆ ನಾನೇ ಸೋತು "ತಿಳೀತ್ರೀ ಸರ್" ಎಂದು ಕೂತೆ. ದೋಷ ಇದ್ದದ್ದು ನನ್ನ ತಲೆಯಲ್ಲಿ. ಆ ಪುಣ್ಯಾತ್ಮರು ಔಷಧ ಹಾಕಿದ್ದು ಕಿವಿಗೆ.

೨. ಸಣ್ಣ ಸಂಖ್ಯೆ

ದೀಪಾವಳಿ ಸೂಟಿಗೆ ಮುಧೋಳದಿಂದ ಸೋದರಮಾವನ ಮಗ ನಮ್ಮ ಮನೆಗೆ ಬಂದ. ಸಾಂಗಲಿಯಲ್ಲಿ ಇಂಟರ್ ಸೈನ್ಸ್ ಓದುತ್ತಿದ್ದ. ಅಂಗಿಯ ಜೇಬಿಗೆ ಎರಡು ಪೆನ್ನು ಸಿಗಿಸಿಕೊಂಡು ತಿರುಗುತ್ತಿದ್ದ. ನನ್ನ ಬೀಜಗಣಿತದ ಪುಸ್ತಕವನ್ನು ಎರಡು ಬೆರಳಿನಿಂದ ಎತ್ತಿ ನೋಡಿ ಕೆಳಗಿಟ್ಟ.

"ಇದೇನ ಗಣಿತಲೇ? ಇದು ಸಣ್ಣ ಹುಡುಗರ ಆಟ. ನಿನಗ ಕ್ಯಾಲ್ಕ್ಯುಲಸ್ ಹೇಳ್ತೇನಿ. ಅದು ತಿಳೀತಂದ್ರ ಇದು ತಾನಾಗೇ ಬರ್ತೈತಿ."

ನನಗೆ ಬೇಕಾದದ್ದು ಸಣ್ಣ ಹುಡುಗರ ಆಟವೇ. ಆದರೆ ಹೇಳಿಕೊಡುವವನು ಅವನೊಬ್ಬನೇ, ಏನು ಮಾಡುವುದು? ನಾಲ್ಕು ದಿನ ಕೇಳಿದೆ. ಅವ್ವ ರಾಟಿ ತಿರುಗಿಸುತ್ತ ತಾನೂ ಕೇಳುತ್ತಿದ್ದಳು. ಐದನೆಯ ದಿನ ಅವನು ಬಹಳ ಹುರುಪಿನಲ್ಲಿದ್ದ.

"ಒಂದು ಭಾಳ ಸಣ್ಣ ಸಂಖ್ಯಾ ತಗೊಳ್ಳೂದು. ಎಷ್ಟು ಸಣ್ಣದಂದ್ರ, ಸೊನ್ನಿ ಅಲ್ಲ, ಆದರ ಸೊನ್ನೀ ಬಾಜೂಕ ಇರೂವಂಥಾದ್ದು. ಅದರಿಂದ ಭಾಗಸೂದು. ಸೊನ್ನಿ ಅಲ್ಲಲ್ಲಾ, ಅದಕ್ಕ ಭಾಗಸಾಕ ಬರ್ತೈತಿ. ಎಲ್ಲಾ ಆದಮ್ಯಾಲ ಅದನ್ನ ಸೊನ್ನಿ ಅಂತ ಹೇಳಿ ಬಿಟ್ಟುಬಿಡೂದು."

ಅವ್ವ ರಾಟಿ ನಿಲ್ಲಿಸಿದಳು. "ಅಲ್ಲೋ ತಮ್ಮಾ, ಕಡೀಕ ಬಿಟ್ಟುಬಿಡೂದಾದ್ರ ಮೊದಲ ಯಾಕ ತಗೊಂಡಿ?"

"ಅತ್ತಿ, ಮೊದಲ ಅದು ಸೊನ್ನಿ ಇರೂದಿಲ್ಲ."

"ಮತ್ತ ಕಡೀಕ ಹೆಂಗ ಸೊನ್ನಿ ಆತು? ನಡುವ ಯಾರ ತಗೊಂಡ ಹೋದ್ರು?"

ಅವನು ಒಂದು ಪೆನ್ನು ತೆಗೆದ, ಮುಚ್ಚಳ ಬಿಚ್ಚಿದ, ಮತ್ತೆ ಹಾಕಿದ. "ಕಾಲೇಜಿನಾಗ ಹಂಗ ಇರ್ತೈತಿ ಅತ್ತಿ" ಎಂದ. ಸೂಟಿ ಮುಗಿಯಲು ಇನ್ನೂ ಆರು ದಿನ ಇತ್ತು. ಮರುದಿನ ಬೆಳಿಗ್ಗೆಯೇ ಮುಧೋಳದ ಮೋಟಾರು ಹಿಡಿದ. ನಾನು ಕ್ಷ ಕಲಿಯಬೇಕೆಂದು ಕೂತವನು, ಇದ್ದ ಸೊನ್ನೆಯ ಮೇಲಿನ ನಂಬಿಕೆಯನ್ನೂ ಕಳಕೊಂಡೆ.

೩. ಅರ್ಜಿಯ ಕಾರಣ

ಜಮಖಂಡಿಯಲ್ಲಿ ಒಬ್ಬ ಜೋಶಿಯವರಿದ್ದರು. ಗ್ರಹಣ ಯಾವಾಗ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಎನ್ನುವುದನ್ನು ಗಳಿಗೆ ಹಿಡಿದು ಹೇಳುತ್ತಿದ್ದರು. ಸೂರ್ಯ ಚಂದ್ರರ ಲೆಕ್ಕ ಹಾಕುವವರಿಗೆ ನನ್ನ ಪುಸ್ತಕದ ಲೆಕ್ಕ ಯಾವ ದೊಡ್ಡದು ಎಂದು ಅಪ್ಪ ಕಾಯಿ, ಎಲೆ, ಅಡಿಕೆ ಹಿಡಿದು ನನ್ನನ್ನು ಕರೆದುಕೊಂಡು ಹೋದ. ಈ ಒಂದು ಯೋಚನೆ ಮಾತ್ರ ನನಗೂ ಸರಿ ಎನಿಸಿತ್ತು. ನಾನು ಅವರ ಮುಂದೆ ಪುಸ್ತಕ ತೆರೆದಿಟ್ಟೆ. ಅವರು ಅದನ್ನು ಮುಚ್ಚಿ ಪಕ್ಕಕ್ಕಿಟ್ಟರು.

"ಹುಡುಗನ ಜನ್ಮಪತ್ರಿಕಾ ತಂದೀರೇನು?"

ಅಪ್ಪ ತಂದಿದ್ದ. ಜೋಶಿಯವರು ಬೆರಳು ಮಡಚಿ ಎಣಿಸಿದರು. "ವಿದ್ಯಾಸ್ಥಾನದ ಮ್ಯಾಲ ಶನಿ ದೃಷ್ಟಿ ಅದ. ಮಾರ್ಚ್ ತಿಂಗಳದಾಗ ಪಾಸಾಗೂದು ಕಠಿಣ ಅದ. ಏಪ್ರಿಲ್ ಕಡೀಕ ಪರೀಕ್ಷಾ ಇತ್ತಂದ್ರ ನಿಶ್ಚಿತ ಪಾಸು."

"ಹಂಗಾರ ಏನ್ ಮಾಡೂದ್ರಿ?"

"ಒಂದು ಅರ್ಜಿ ಹಾಕ್ರಿ. ಪರೀಕ್ಷಾ ಒಂದು ತಿಂಗಳ ಮುಂದ ಹಾಕ್ರಿ ಅಂತ."

ನಾನು ನಕ್ಕೆ. ಅಪ್ಪ ನಗಲಿಲ್ಲ. ಮರುದಿನವೇ ನಮ್ಮ ಹೈಸ್ಕೂಲಿನ ಕಾರಕೂನರ ಮೇಜಿನ ಮುಂದೆ ಹೋಗಿ ನಿಂತ. ಪುಣೆಯ ಪರೀಕ್ಷಾ ಕಚೇರಿಗೆ ಅರ್ಜಿ ಬರೆಯಬೇಕು, ಇಡೀ ಮುಂಬೈ ರಾಜ್ಯದ ಪರೀಕ್ಷೆ ಒಂದು ತಿಂಗಳು ಮುಂದೆ ಹೋಗಬೇಕು. ನಾನು ಬಾಗಿಲ ಹೊರಗೆ ನಿಂತು, ನೆಲ ಬಾಯಿ ಬಿಟ್ಟರೆ ಒಳಗೆ ಹೋಗೋಣ ಎಂದು ಕಾಯುತ್ತಿದ್ದೆ. ಕಾರಕೂನರು ಶಾಂತವಾಗಿ ಕಾಗದ ತೆಗೆದರು, ಟಾಕನ್ನು ಮಸಿಯಲ್ಲಿ ಅದ್ದಿದರು, ವಿಳಾಸ ಬರೆದರು. ಆಮೇಲೆ ತಲೆ ಎತ್ತಿ ಕೇಳಿದರು.

"ಕಾರಣ ಏನಂತ ಬರೀಲ್ರಿ?"

ಅಪ್ಪ ಹೇಳಿದ, "ಶನಿ ಅಂತ ಬರೀರಿ."

೪. ಗೊತ್ತಿದ್ದವರ ಉತ್ತರ

ಅಪ್ಪನಿಗೆ ನೂಲು ಕೊಡುತ್ತಿದ್ದ ಸಾವಕಾರರು ತೇರದಾಳದವರು. ಪಾವಕಿ, ದೀಡಕಿ ಎಂದು ಕಾಲು, ಒಂದೂವರೆಯ ಮಗ್ಗಿಗಳೆಲ್ಲ ಅವರ ನಾಲಿಗೆಯ ಮೇಲಿದ್ದವು. ಕಾಗದ ಮುಟ್ಟುತ್ತಿರಲಿಲ್ಲ. ಜನವರಿಯಲ್ಲಿ ನಾನು ಪುಸ್ತಕ ಹಿಡಿದು ಅವರಲ್ಲಿಗೆ ಹೋದೆ.

"ಎರಡು ಸಂಖ್ಯಾ ಕೂಡಿಸಿದ್ರ ಇಪ್ಪತ್ತೇಳು, ಗುಣಿಸಿದ್ರ ನೂರಾ ಎಂಬತ್ತು. ಯಾವವು ಅಂತ ಕೇಳ್ಯಾರ್ರಿ."

"ಹದಿನೈದು, ಹನ್ನೆರಡು" ಎಂದರು, ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ.

"ಹೆಂಗ ಬಂತ್ರಿ?"

"ಹೆಂಗಂದ್ರ? ಮತ್ತ್ಯಾವು ಬರ್ತಾವು?"

ಎಷ್ಟು ಕೇಳಿದರೂ ಅಷ್ಟೇ. ದೈವಯೋಗದಿಂದ ಅದೇ ಲೆಕ್ಕ ನಮ್ಮ ಪೂರ್ವ ಪರೀಕ್ಷೆಯಲ್ಲಿ ಬಂತು. ನಾನು ಖುಷಿಯಿಂದ ಹದಿನೈದು, ಹನ್ನೆರಡು ಎಂದು ಬರೆದೆ. ಮಾಸ್ತರರು ಕೆಂಪು ಮಸಿಯಲ್ಲಿ ದೊಡ್ಡ ಸೊನ್ನೆ ಇಟ್ಟರು. ಉತ್ತರ ಬರೋಬರಿ ಇದೆ, ರೀತಿ ಇಲ್ಲ ಎಂದರು. ಸರಿಯಾದ ಉತ್ತರಕ್ಕೆ ಸೊನ್ನೆ ಕೊಡುವ ಅನ್ಯಾಯ ಭೂಮಿಯ ಮೇಲೆ ಬೇರೆ ಎಲ್ಲಾದರೂ ಇದೆಯೇ? ಈ ಸುದ್ದಿ ತೇರದಾಳಕ್ಕೆ ಮುಟ್ಟಿತು. ಹುಡುಗನಿಗೆ ಬಿದ್ದ ಸೊನ್ನೆ ತಮಗೇ ಬಿದ್ದದ್ದು ಎಂದು ತಿಳಿದ ಸಾವಕಾರರು ರುಮಾಲು ಸುತ್ತಿಕೊಂಡು ಚಕ್ಕಡಿಯಲ್ಲಿ ನೆಟ್ಟಗೆ ಸಾಲೆಗೆ ಬಂದರು. ಮಾಸ್ತರರು ಅವರನ್ನು ಕುರ್ಚಿಯಲ್ಲಿ ಕೂಡಿಸಿ ಸಮಾಧಾನದಿಂದ ತಿಳಿಸಿ ಹೇಳಿದರು.

"ಸಾವಕಾರ್ರ, ಉತ್ತರ ಹಂಗ ಬರಿಯೂದಲ್ಲ. ಮೊದಲ ಗೊತ್ತಿಲ್ಲದ ಸಂಖ್ಯಾಕ್ಕ ಕ್ಷ ಅಂತ ಹಿಡೀಬೇಕು."

"ಯಾಕ ಹಿಡೀಬೇಕ್ರಿ?" ಎಂದರು ಸಾವಕಾರರು. "ನನಗ ಗೊತ್ತಿತ್ತಲ್ಲ."

೫. ಒಂದು ಸೀರೆ, ಇಬ್ಬರು ನೇಕಾರರು

ಇನ್ನು ಯಾರ ಸಹಾಯವೂ ಬೇಡ ಎಂದು ಕೈಮುಗಿದು, ಪುಸ್ತಕದ ಮಾದರಿ ಲೆಕ್ಕಗಳನ್ನೆಲ್ಲ ಬಾಯಿಪಾಠ ಮಾಡತೊಡಗಿದೆ. ಇನ್ನೂರು ಮುನ್ನೂರು ಸಲ ಬರೆದ ಮೇಲೆ ಹೇಗೋ ಏನೋ ಕ್ಷ ನನ್ನ ಮಾತು ಕೇಳತೊಡಗಿತು. ಮಾರ್ಚ್ ಬಂತು. ಪರೀಕ್ಷೆ ಮುಂದೆ ಹೋಗಲಿಲ್ಲ. ಜಮಖಂಡಿಯ ಕೇಂದ್ರದಲ್ಲಿ ಕೂತು ಪ್ರಶ್ನೆಪತ್ರಿಕೆ ಬಿಚ್ಚಿದೆ. ಅದರಲ್ಲಿ ಎಂಟು ಮಾರ್ಕಿನ ಲೆಕ್ಕ ಒಂದು ಹೀಗಿತ್ತು: ಒಬ್ಬ ನೇಕಾರನು ಒಂದು ಸೀರೆಯನ್ನು ಆರು ದಿನಗಳಲ್ಲಿ ನೇಯುತ್ತಾನೆ. ಇನ್ನೊಬ್ಬನು ಅದನ್ನೇ ಮೂರು ದಿನಗಳಲ್ಲಿ ನೇಯುತ್ತಾನೆ. ಇಬ್ಬರೂ ಕೂಡಿ ಅದನ್ನು ಎಷ್ಟು ದಿನಗಳಲ್ಲಿ ನೇಯುವರು?

ಎರಡು ದಿನ. ಅರ್ಧ ನಿಮಿಷದಲ್ಲಿ ನನಗೆ ಗೊತ್ತಾಯಿತು, ರೀತಿ ಸಮೇತ. ಬರೆಯಲು ಟಾಕು ಎತ್ತಿದೆ. ಮತ್ತೆ ಕೆಳಗಿಟ್ಟೆ. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲಿ ಬೆಳೆದವನು ಇಂಥ ಸುಳ್ಳನ್ನು ಹೇಗೆ ಬರೆಯುವುದು? ನನಗೆ ಬಂದ ಸಿಟ್ಟಿಗೆ ಮಿತಿಯೇ ಇರಲಿಲ್ಲ. ಉತ್ತರಪತ್ರಿಕೆಯಲ್ಲಿ ಒಂದು ಪುಟ ತುಂಬ ಬರೆದೆ: 'ಈ ಪ್ರಶ್ನೆಯೇ ತಪ್ಪು. ಮಗ್ಗದ ಕುಣಿಯಲ್ಲಿ ಒಬ್ಬನೇ ಕೂಡಬಹುದು. ಇಬ್ಬರು ಕೂತರೆ ಲಾಳಿ ಒಬ್ಬನ ಮೊಣಕೈಗೆ ಬಡಿಯುತ್ತದೆ. ಬೇರೆ ಬೇರೆ ಮಗ್ಗದಲ್ಲಿ ಕೂತರೆ ಎರಡು ಸೀರೆ ಆಗುತ್ತವೆ. ಕಂಡಿಕೆ ಯಾರು ಸುತ್ತಿದರೆಂದು ಹೇಳಿಲ್ಲ. ಮೂರು ದಿನದಲ್ಲಿ ನೇಯುವವನಿಗೆ ಆರು ದಿನದವನ ಸಹಾಯ ಏಕೆ ಬೇಕೆಂಬುದೂ ತಿಳಿಯುವುದಿಲ್ಲ.' ಕೆಳಗೆ ಎರಡು ಗೆರೆ ಎಳೆದೆ.

ಜೂನದಲ್ಲಿ ನಿಕಾಲು ಬಂತು. ಗಣಿತದಲ್ಲಿ ಐದು ಮಾರ್ಕಿಗೆ ನಪಾಸು. ನಾನು ಮನೆಗೆ ಬಂದು ಹೇಳುವ ಮೊದಲೇ ಸುದ್ದಿ ಮುಟ್ಟಿತ್ತು; ಖಾಲಿ ಮಗ್ಗದ ಕುಣಿಯ ಕಸ ತೆಗೆದು ಸ್ವಚ್ಛ ಮಾಡಿಟ್ಟಿದ್ದರು. ಅದನ್ನು ನೋಡಿ ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅಪ್ಪ ನೇಯುತ್ತಲೇ ಕೇಳಿದ.

"ಎಲ್ಲಿ ಹೋದವು ಐದು ಮಾರ್ಕು?"

ನಾನು ಪ್ರಶ್ನೆ ಹೇಳಿದೆ. ಲಾಳಿ ನಿಂತಿತು.

"ಇನ್ನೊಮ್ಮಿ ಹೇಳು."

ಇನ್ನೊಮ್ಮೆ ಹೇಳಿದೆ. ಅಪ್ಪ ಕುಣಿಯಿಂದ ಎದ್ದು ಬಂದು ಓಣಿಯವರನ್ನು ಕರೆದ. ಮಧ್ಯಾಹ್ನದವರೆಗೆ ನಮ್ಮ ಕಟ್ಟೆಯ ಮೇಲೆ ಚರ್ಚೆ ನಡೆಯಿತು. ಸೀರೆಯ ಅಂಚಿನ ದಡಿ ಯಾವುದೆಂದು ತಿಳಿಯದೆ ದಿನ ಹೇಳುವುದು ಹೇಗೆ ಎಂದು ಒಬ್ಬ ಕೇಳಿದ. ಆರು ದಿನ ಹಚ್ಚುವವನು ಕುಡಿಯುತ್ತಿರಬೇಕು ಎಂದು ಇನ್ನೊಬ್ಬ. ಅವ್ವ ಒಳಗಿನಿಂದಲೇ, "ಸುತ್ತೂವಾಕೀನ ಲೆಕ್ಕಕ್ಕ ಹಿಡದಿಲ್ಲ ನೋಡ್ರಿ" ಎಂದಳು.

"ಅವರ ಉತ್ತರ ಏನಂತ?" ಅಪ್ಪ ಕೇಳಿದ.

"ಎರಡ ದಿನ."

"ಎರಡ ದಿನ. ಮಗ್ಗಕ್ಕ ಹಾಸಿನ ನೂಲು ಹೂಡಾಕ ಹತ್ತತಾವು ಎರಡ ದಿನ." ಅಪ್ಪ ನನ್ನ ಕಡೆ ತಿರುಗಿದ. "ನೀ ಏನ್ ಬರದಿ?"

ನಾನು ಬರೆದದ್ದನ್ನೆಲ್ಲ ಹೇಳಿದೆ. ಅಪ್ಪ ನನ್ನ ಮುಖವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ, "ಅಕ್ಟೋಬರದಾಗ ಮತ್ತ ಪರೀಕ್ಷಾಕ್ಕ ಕೂಡು. ಮಗ್ಗಾ ಕಣ್ಣಿಲೆ ನೋಡದವರ ಕೈಯಾಗ ನಪಾಸಾಗಿ ನನ್ನ ಮಗ ಮಗ್ಗಕ್ಕ ಬರೂದು ಬ್ಯಾಡ."

ಅಕ್ಟೋಬರದಲ್ಲಿ ಮತ್ತೆ ಜಮಖಂಡಿಗೆ ಹೋದೆ. ಹೊರಗೆ ಗಿಡದ ಕೆಳಗೆ ಕಾಯುವಾಗ ಬೀಳಗಿ ಕಡೆಯ ಹುಡುಗನೊಬ್ಬನ ಪರಿಚಯವಾಯಿತು. ಅವನೂ ನನ್ನ ಹಾಗೆ ಎರಡನೆಯ ಸಲ ಕೂಡುವವನು. ಅವರ ಮನೆತನದ್ದು ಅಜ್ಜ ಮುತ್ತಜ್ಜರ ಕಾಲದಿಂದ ಬಾವಿ ತೋಡುವ ಕೆಲಸವಂತೆ. ಒಳಗೆ ಅವನ ನಂಬರು ನನ್ನ ಹಿಂದಿನ ಬೆಂಚಿಗೇ ಬಂತು.

ಈ ಸಲ ಪ್ರಶ್ನೆಪತ್ರಿಕೆಯಲ್ಲಿ ನೇಕಾರರಿರಲಿಲ್ಲ. ಎಂಟು ಜನರು ಒಂದು ಬಾವಿಯನ್ನು ಹನ್ನೆರಡು ದಿನಗಳಲ್ಲಿ ತೋಡಿದರೆ, ಅದೇ ಬಾವಿಯನ್ನು ತೊಂಬತ್ತಾರು ಜನರು ಎಷ್ಟು ದಿನಗಳಲ್ಲಿ ತೋಡುವರು ಎಂದು ಕೇಳಿದ್ದರು. ನಮ್ಮ ವಂಶದಲ್ಲಿ ಯಾರೂ ಬಾವಿ ತೋಡಿದವರಲ್ಲ, ನನ್ನದೇನೂ ತಕರಾರಿರಲಿಲ್ಲ. ರೀತಿ ಬರೆದು, ಒಂದೇ ದಿನ ಎಂದು ಉತ್ತರ ಹಾಕಿದೆ. ಪಾಸಾದೆ, ಕಾಲೇಜಿಗೂ ಹೋದೆ.

ಆವತ್ತು ಗಂಟೆ ಬಾರಿಸಿದಾಗ ನಾನು ಉತ್ತರಪತ್ರಿಕೆ ಕೊಟ್ಟು ತಿರುಗಿ ನೋಡಿದರೆ, ಬೀಳಗಿಯವನು ಮುಖ ಕೆಂಪಗೆ ಮಾಡಿಕೊಂಡು ಇನ್ನೂ ಬರೆಯುತ್ತಲೇ ಇದ್ದ; ಮೇಲ್ವಿಚಾರಕರು ಕಸಿದುಕೊಳ್ಳಲು ಬಂದರೆ, "ತಡೀರಿ ಸರ್, ಉಳದ ಎಂಬತ್ತೆಂಟು ಮಂದಿ ಬಾವ್ಯಾಗ ಎಲ್ಲಿ ನಿಂದರತಾರು ಅನ್ನೂದು ಬರೀಬೇಕು" ಎನ್ನುತ್ತಿದ್ದ.