ಒಂದು ದಿನದ ಸೀಲು, ನಾಲ್ಕು ಊರಿನ ಫಜೀತಿ

ಎಲ್ಲರೂ ಸೇರಿ ತುಂಬಾ ಗಂಭೀರವಾಗಿ ಮಾಡಬೇಕು ಅಂತ ಹೊರಡುವ ಕೆಲಸದಲ್ಲೇ ನಗು ಬರುವಂಥದ್ದು ಯಾಕೆ ನಡೆಯುತ್ತದೋ ನನಗೆ ಗೊತ್ತಿಲ್ಲ. ನಮ್ಮ ಕೋಲಾರದ ಅಂಚೆ ಕಚೇರಿಯಲ್ಲಂತೂ ನಡೆಯುತ್ತಲೇ ಇರುತ್ತದೆ. ನಾನು ಕೌಂಟರಿನಲ್ಲಿ ಕೂರುವವಳು, ಮಾತು ಕಡಿಮೆ. ಹಾಗಾಗಿ ನಗು ಬಂದರೂ ಕೆಳಗೆ ಬಗ್ಗಿ ಗೋಂದಿನ ಬಾಟಲಿ ಹುಡುಕುವ ಅಭ್ಯಾಸವಾಗಿದೆ.

ಹೋದ ವರ್ಷ ನಮ್ಮ ಕಡೆಯ ಸ್ವಾತಂತ್ರ್ಯ ಹೋರಾಟಗಾರರು, ಹುತಾತ್ಮರ ನೆನಪಿಗೆ ಊರಿಗೊಂದರಂತೆ ವಿಶೇಷ ಅಂಚೆ ಠಸ್ಸೆ ಮಾಡಿದರು. ನಮ್ಮ ಬಾಯಲ್ಲಿ ಅದು ಬರೀ ಸೀಲು. ಅಂಚೆಚೀಟಿಯ ಮೇಲೆ ದಿನಾ ಹೊಡೆಯುವ ಊರು-ತಾರೀಖಿನ ಗುಂಡು ಸೀಲಿನ ಬದಲು, ಒಬ್ಬರ ಹೆಸರು, ಚಿತ್ರ ಕೆತ್ತಿಸಿದ ಸೀಲು. ಅದರ ಜೊತೆಗೆ ಅವರದೇ ಚಿತ್ರ ಅಚ್ಚು ಹಾಕಿಸಿದ ವಿಶೇಷ ಕವರನ್ನೂ ಮಾರುತ್ತೇವೆ. ಒಂದೇ ಊರಲ್ಲಿ, ಒಂದೇ ದಿನ ಹೊಡೆಯುವುದು. ಸಂಜೆಗೆ ಅದನ್ನು ವಾಪಸು ಕಟ್ಟಿ ಕಳಿಸಿಬಿಡಬೇಕು. ಮಾರನೆಯ ದಿನ ಯಾರು ಬಂದು ಅತ್ತರೂ ಸಿಗುವುದಿಲ್ಲ.

ಕೋಲಾರ: ಓದಿದವರ ಕೆಲಸ

ನಾಲ್ಕು ಊರಲ್ಲಿ ಇದನ್ನು ನಡೆಸಿ ಅಂತ ಮೇಲಿನಿಂದ ಬಂದ ಆದೇಶ ಇಂಗ್ಲಿಷಿನಲ್ಲಿತ್ತು. ಪೋಸ್ಟ್ ಮಾಸ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು, ಕಾಗದವನ್ನು ನನ್ನ ಕೈಗೆ ಕೊಟ್ಟರು.

"ನೀವು ಇಂಗ್ಲಿಷ್ ಮೀಡಿಯಂ ಅಲ್ವೇನಮ್ಮಾ, ಓದಿ."

ಓದಿದೆ. "ಜೋರಾಗಿ" ಅಂದರು. ಮತ್ತೆ ಓದಿದೆ. ಎಲ್ಲರೂ ತಲೆ ಆಡಿಸಿದರು. "ಅರ್ಥ ಆಯ್ತಲ್ಲ, ಯಾರು ಮಾಡ್ತೀರಿ?" ಅಂದಾಗ ಒಬ್ಬೊಬ್ಬರಾಗಿ ಕಾಫಿಗೆ ಹೋದರು. ಉಳಿದದ್ದು ನಾನೊಬ್ಬಳೇ.

"ಸಾರ್, ನನಗೂ ಪೂರ್ತಿ ಅರ್ಥ ಆಗ್ಲಿಲ್ಲ."

"ಒಂದು ಕಡೇನೂ ತಡವರಿಸ್ಲಿಲ್ವಲ್ಲಮ್ಮಾ! ಅಷ್ಟು ಚೆನ್ನಾಗಿ ಓದೋರಿಗೆ ಅರ್ಥ ಬೇರೆ ಯಾಕೆ?"

ಹೀಗೆ ನಾಲ್ಕೂ ಊರಿನ ಕೆಲಸ ನನ್ನ ತಲೆಗೆ ಬಂತು. ಮೊದಲನೆಯದು ಆಯಾ ಹೋರಾಟಗಾರರ ಮನೆಯವರನ್ನು, ಏನೇನು ಆಗಬೇಕು ಅಂತ ಕೇಳುವುದು. ಕೋಲಾರದವರು ವೇದಿಕೆಯಲ್ಲಿ ಹತ್ತು ಕುರ್ಚಿ ಕೇಳಿದರು. ಮಾಲೂರಿನವರು ತಮ್ಮ ತಾತನ ಹೆಸರಿನ ಮುಂದೆ ಇನ್ನೂ ಎರಡು ಬಿರುದು ಸೇರಿಸಬೇಕು ಅಂದರು. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ಮಾತ್ರ ಬೇರೆ ಥರದ ಬೇಡಿಕೆ ಬಂತು. ಅಲ್ಲಿಯ ಹುತಾತ್ಮರಿಗೆ ಉಳಿದಿರುವುದು ಒಬ್ಬರೇ ತಂಗಿ, ತುಂಬಾ ವಯಸ್ಸಾದ ಅಜ್ಜಿ. ಆ ಹಳ್ಳಿಯ ಪೋಸ್ಟ್‌ಮ್ಯಾನೇ ಬಂದು ಹೇಳಿದ.

"ಶಾಲು ಬೇಡ್ವಂತೆ, ಹಾರ ಬೇಡ್ವಂತೆ ಮೇಡಂ. ಅಣ್ಣನ ಸೀಲು ಬಿದ್ದಿರೋ ಕವರು ಟಪಾಲಲ್ಲಿ ಮನೆಗೆ ಬರ್ಬೇಕಂತೆ. ಅಣ್ಣ ಬಾವುಟ ಹಾರ್ಸೋಕೆ ಹೋಗುವಾಗ, ತಲುಪಿದ ತಕ್ಷಣ ಕಾಗದ ಹಾಕ್ತೀನಿ ಅಂದಿದ್ನಂತೆ. ಗೋಲಿಬಾರಲ್ಲಿ ಹೋಗ್ಬಿಟ್ಟ. ಅವ್ವ ಆಗ ಚಿಕ್ಕ ಹುಡುಗಿ. ಯಾರೂ ಸರಿಯಾಗಿ ಹೇಳ್ದೆ, ತುಂಬಾ ದಿನ ಬಾಗಿಲಲ್ಲೇ ಕೂತ್ಕೊಂಡು ಕಾದ್ರಂತೆ. ಈಗ ಬರೋದೂ ಬಾಗಿಲಿಗೇ ಬರ್ಲಿ ಅಂತಾರೆ."

ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಇದೇನು ಮಹಾ! ಒಂದು ಕಾಗದ ಮನೆಗೆ ಮುಟ್ಟಿಸೋದು ನಮಗೆ ಬರಲ್ವಾ?" ಅಂದರು.

ಅಲ್ಲಿದ್ದವರೆಲ್ಲ ಅಂಚೆಯವರೇ. ಒಬ್ಬೊಬ್ಬರಾಗಿ ಮತ್ತೆ ಕಾಫಿಗೆ ಎದ್ದರು.

ಮಾಲೂರು: ಕೇಳಿಸಬೇಕಾದ ಸೀಲು

ನಮ್ಮಲ್ಲಿ ಸೀಲು ಹೊಡೆಯುವ ಅಣ್ಣ ಒಬ್ಬರಿದ್ದಾರೆ. ಅವರು ಕೆಲಸಕ್ಕೆ ಕೂತರೆ ಹಿಂದಿನ ಬೀದಿಗೂ ಗೊತ್ತಾಗುತ್ತದೆ. ಇಂಕಿನ ಪ್ಯಾಡಿಗೊಂದು ಧಡ್, ಕಾಗದಕ್ಕೊಂದು ಧಡ್. ಮಾಲೂರಿನ ಸಮಾರಂಭಕ್ಕೆ ಅವರನ್ನೇ ಕರೆದುಕೊಂಡು ಹೋದೆವು.

ಇಂಥ ದಿನ ಬೆಂಗಳೂರಿನಿಂದ ಅಂಚೆಚೀಟಿ ಸಂಗ್ರಹಕಾರರು ಬರುತ್ತಾರೆ. ಅಂದು ಮೊದಲು ನಿಂತವರು ಒಬ್ಬ ನಿವೃತ್ತ ಪ್ರೊಫೆಸರು. ಕೈಯಲ್ಲಿ ಚಿಮಟ, ಕತ್ತಿನಲ್ಲಿ ಭೂತಕನ್ನಡಿ. ಹೊಸಾ ಕವರನ್ನು ಎರಡು ಬೆರಳಲ್ಲಿ ಮೇಜಿನ ಮೇಲಿಟ್ಟರು. ಅಣ್ಣ ಕೈ ಎತ್ತಿದರು. ಧಡ್! ಮೇಜಿನ ಮೇಲಿದ್ದ ಹೂದಾನಿ ನೆಗೆಯಿತು. ವೇದಿಕೆಯ ಮೇಲೆ ಭಾಷಣ ಮಾಡುತ್ತಿದ್ದವರು ಒಂದು ಕ್ಷಣ ನಿಲ್ಲಿಸಿದರು. ಕವರಿನಲ್ಲಿ ಹೋರಾಟಗಾರರ ಸೀಲು ಮೂಡಬೇಕಾದ ಕಡೆ ಕಪ್ಪು ಬೆಲ್ಲದ ಅಚ್ಚಿನಂಥದ್ದು ಕಾಣುತ್ತಿತ್ತು.

"ಅಯ್ಯಯ್ಯೋ! ಮೆಲ್ಲಗೆ ಸ್ವಾಮಿ! ಮಗು ಕೆನ್ನೆ ಮುಟ್ಟಿದ ಹಾಗೆ!"

"ಸಾರ್, ಸೀಲು ಅಂದ್ರೆ ಕೇಳಿಸ್ಬೇಕು. ಇಲ್ದಿದ್ರೆ ಬಿದ್ದಿದೆ ಅಂತ ಹೆಂಗೆ ಗೊತ್ತಾಗೋದು?"

"ನೋಡಿದ್ರೆ ಗೊತ್ತಾಗತ್ತೆ!"

ಅಣ್ಣನಿಗೆ ಅವಮಾನವಾಯಿತು. ಮುಂದಿನ ಕವರಿಗೆ ಉಸಿರು ಬಿಗಿಹಿಡಿದು ಸೀಲನ್ನು ಇಳಿಸಿದರು, ಎತ್ತಿದರು. ಪ್ರೊಫೆಸರು ಭೂತಕನ್ನಡಿ ಹಿಡಿದು ಬಹಳ ಹೊತ್ತು ಹುಡುಕಿದರು.

"ಎಲ್ಲಿ ಹೊಡೆದ್ರಿ?"

"ನೋಡಿದ್ರೆ ಗೊತ್ತಾಗತ್ತೆ ಅಂದ್ರಲ್ಲ ಸಾರ್. ನೋಡ್ಕೊಳಿ."

ಕೊನೆಗೆ ಸೀಲು ನನ್ನ ಕೈಗೆ ಬಂತು. ನಾನು ಹೊಡೆದದ್ದು ಸರಿಯಾಗಿ ಮೂಡಿತು. ಪ್ರೊಫೆಸರು ಆನಂದದಿಂದ ಹತ್ತು ಕವರು ಮುಂದಿಟ್ಟರು. ಅಣ್ಣ ಪಕ್ಕದಲ್ಲಿ ನಿಂತು ನೋಡಿ, ನಿಟ್ಟುಸಿರು ಬಿಟ್ಟರು.

"ಮೇಡಂ ಮಾತಾಡಿದ್ರೂ ಹಿಂಗೇನೇ. ಬಾಯಿ ಆಡಿದ್ದು ಕಾಣತ್ತೆ, ಏನೂ ಕೇಳ್ಸಲ್ಲ."

ಮುಳಬಾಗಿಲು: ತಾತನ ಪೇಟ

ಮುಳಬಾಗಿಲಿನ ಹೋರಾಟಗಾರರ ಒಂದೂ ಫೋಟೋ ಇರಲಿಲ್ಲ. ಜೈಲಿಗೆ ಹೋದವರು ಸ್ಟುಡಿಯೋಗೆ ಯಾವಾಗ ಹೋಗುತ್ತಾರೆ? ಸೀಲಿಗೆ, ಕವರಿಗೆ ಮುಖ ಬೇಕೇ ಬೇಕು ಅಂತ ಮೊಮ್ಮಗನನ್ನು ಕೇಳಿದೆವು. ಅವರು ಬಟ್ಟೆ ಅಂಗಡಿ ಇಟ್ಟಿರುವವರು, ದೊಡ್ಡ ಮೀಸೆ. ವಾರ ಕಳೆದ ಮೇಲೆ ಒಂದು ಕಪ್ಪು-ಬಿಳುಪು ಫೋಟೋ ಕಳಿಸಿದರು. ಬಿಳೀ ಪೇಟ, ಗಂಭೀರ ಮುಖ. ಎಲ್ಲರಿಗೂ ಇಷ್ಟವಾಯಿತು. ಅಚ್ಚಿಗೆ ಹೋಯಿತು.

ಸಮಾರಂಭದ ದಿನ ಕವರಿನ ದೊಡ್ಡ ಚಿತ್ರಕ್ಕೆ ಹಾರ ಹಾಕಿ ವೇದಿಕೆಯ ಮೇಲಿಟ್ಟಿದ್ದರು. ಮೊಮ್ಮಗ ಅದರ ಪಕ್ಕದಲ್ಲೇ ಕೂತಿದ್ದರು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಆ ಚಿತ್ರ ನೋಡಿದರು, ಮೊಮ್ಮಗನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ಏನ್ ಹೋಲಿಕೆ ರೀ! ಹುಬ್ಬಿನ ಮೇಲಿರೋ ಗಾಯದ ಗುರುತು ಕೂಡ ತಾತನದೇ ಬಂದಿದೆ!"

ಅಷ್ಟರಲ್ಲಿ ಹಿಂದಿನಿಂದ ಊರಿನ ಸ್ಟುಡಿಯೋ ಸಾಹೇಬರು ಎದ್ದು ನಿಂತು, ಹೆಂಡತಿಗೆ ಕೈಮಾಡಿ ತೋರಿಸಿದರು. "ದೇಖ್, ದೇಖ್! ಯೇ ಫೋಟೋ ಮೈಚ್ ನಿಕಾಲ್ಯಾ! ಫೋಟೋ ತೆಗೆದಿದ್ದೂ ನಾನೇ, ಪೇಟ ಕಟ್ಟಿದ್ದೂ ನಾನೇ!"

ಪೋಸ್ಟ್ ಮಾಸ್ಟರು ಮೊಮ್ಮಗನ ಕಿವಿಯ ಹತ್ತಿರ ಬಗ್ಗಿದರು. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ನನಗೆ ಎಲ್ಲ ಕೇಳಿಸಿತು.

"ಏನ್ ಸಾರ್ ಇದು?"

"ನಾನು ಥೇಟು ತಾತನ ಥರಾನೇ ಅಂತ ನಮ್ಮಜ್ಜಿ ಹೇಳ್ತಿದ್ರು ಸಾರ್. ಅದಕ್ಕೆ ಪೇಟ ಕಟ್ಟಿಸ್ಕೊಂಡು ತೆಗೆಸ್ದೆ."

"ಬದುಕಿರೋರ ಮುಖ ಹಾಕೋ ಹಾಗಿಲ್ಲ ಸಾರ್, ರೂಲ್ಸಿದೆ!"

ಮೊಮ್ಮಗ ಹಾರ ಹಾಕಿದ್ದ ತಮ್ಮದೇ ಚಿತ್ರವನ್ನು ಒಮ್ಮೆ ನೋಡಿದರು. "ಹಂಗಂತ ಈಗ ನಾನೇನು ಮಾಡ್ಲಿ ಸಾರ್?"

ಪೋಸ್ಟ್ ಮಾಸ್ಟರಿಗೆ ಆ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯವಾಗಲಿಲ್ಲ. ಮೈಕು ಎಳೆದುಕೊಂಡು, "ಮಹನೀಯರೇ, ಇದು ಕಲಾವಿದರ ಕಲ್ಪನೆಯ ಚಿತ್ರ" ಅಂತ ಘೋಷಿಸಿಬಿಟ್ಟರು.

ಚಪ್ಪಾಳೆ ಬಿತ್ತು. ಸ್ಟುಡಿಯೋ ಸಾಹೇಬರು ಮತ್ತೆ ಎದ್ದು, ನಾಲ್ಕೂ ದಿಕ್ಕಿಗೆ ಕೈಮುಗಿದರು.

ಶ್ರೀನಿವಾಸಪುರ: ಹಾಳಾದ ಕವರು

ಅಷ್ಟು ಸಾಕಾಗಿ, ಶ್ರೀನಿವಾಸಪುರದ ಸೀಲಿಗೆ ಮುಖದ ಗೊಡವೆಯೇ ಬೇಡ ಅಂತಾಯಿತು. ಬಾವುಟ ಹಿಡಿದ ಒಂದು ಕೈ, ಕೆಳಗೆ ಅಜ್ಜಿಯ ಅಣ್ಣನ ಹೆಸರು. ಅಜ್ಜಿ ಸಮಾರಂಭಕ್ಕೆ ಬರಲಿಲ್ಲ. "ಎಲ್ರೂ ಅಲ್ಲಿಗೆ ಬಂದ್ರೆ ಕಾಗದ ಬಂದಾಗ ಮನೇಲಿ ಯಾರಿರ್ತಾರೆ?" ಅಂತ ಹೇಳಿ ಕಳಿಸಿದ್ದರು.

ನನಗೆ ಬೆಳಿಗ್ಗೆಯಿಂದ ಅದೊಂದೇ ಚಿಂತೆ. ಜನ ಕವರಿಗೆ ಮುಗಿಬೀಳುವ ಮೊದಲೇ ಒಂದನ್ನು ಎತ್ತಿಟ್ಟು, ಅಂಚೆಚೀಟಿ ಅಂಟಿಸಿ, ನಾನೇ ಸೀಲು ಹಾಕಿದೆ. ಚೆನ್ನಾಗಿ ಬಿತ್ತು. ಪೆನ್ನು ತೆಗೆದು, ನನ್ನ ಕಾನ್ವೆಂಟ್ ಕನ್ನಡದಲ್ಲಿ ಒಂದೊಂದೇ ಅಕ್ಷರ ದುಂಡಗೆ ಬರೆಯುತ್ತಿದ್ದೆ. ಮಾಲೂರಿನ ಅದೇ ಪ್ರೊಫೆಸರು ಇಲ್ಲಿಗೂ ಬಂದಿದ್ದರು. ಓಡಿಬಂದು ನನ್ನ ಕೈ ಹಿಡಿಯುವುದೊಂದು ಬಾಕಿ.

"ನಿಲ್ಲಿಸಿ ಮೇಡಂ! ಎಂಥಾ ಕವರು ಹಾಳು ಮಾಡಿಬಿಟ್ರಿ!"

"ಏನಾಯ್ತು ಸಾರ್?"

"ಅದರ ಮೇಲೆ ವಿಳಾಸ ಬರೆದುಬಿಟ್ರಲ್ಲಾ!"

"ಟಪಾಲಿಗೆ ಹಾಕ್ಬೇಕು ಸಾರ್, ಅದಕ್ಕೆ."

"ಟಪಾಲಿಗಾ!" ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ನಲವತ್ತು ವರ್ಷದಿಂದ ಕವರು ಕೂಡಿಡ್ತಿದ್ದೀನಮ್ಮಾ. ಒಂದನ್ನೂ ಆ ಅಪಾಯಕ್ಕೆ ಒಡ್ಡಿಲ್ಲ."

ಸೀಲು ಹೊಡೆಯುವ ಅಣ್ಣ ಅವರಿಗೆ ನೀರು ತಂದುಕೊಟ್ಟರು. "ಕುಡೀರಿ ಸಾರ್. ನಾವೂ ನಮ್ಮ ಮನೆ ಲಗ್ನಪತ್ರಿಕೆ ಕೈಯಲ್ಲೇ ಹಂಚೋದು."

ಅಜ್ಜಿಯ ಬಾಗಿಲು

ಹಳ್ಳಿ ಇದ್ದದ್ದು ಶ್ರೀನಿವಾಸಪುರದಿಂದ ಬೈಕಿನಲ್ಲಿ ಅರ್ಧ ಗಂಟೆ. ಆದರೆ ಟಪಾಲು ಹಾಗೆ ನೇರವಾಗಿ ಹೋಗುವುದಿಲ್ಲ. ಚೀಲ ಕಟ್ಟಿಸಿಕೊಂಡು, ದೂರದ ವಿಂಗಡಣೆಯ ಆಫೀಸು ನೋಡಿಕೊಂಡು, ಮತ್ತೆ ಚೀಲದಲ್ಲಿ ಕೂತು ಬರಬೇಕು. ಮೊದಲ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಹಳ್ಳಿಯ ಪೋಸ್ಟ್‌ಮ್ಯಾನ್ ದಿನಾ ಫೋನು ಮಾಡುತ್ತಿದ್ದ.

"ಮೇಡಂ, ಅವ್ವ ಬಾಗಿಲಲ್ಲೇ ಕೂತವ್ರೆ. ಬರೀಗೈಲಿ ಅವರ ಮುಂದೆ ಹೋಗೋಕಾಗ್ದೆ ನಾನು ಹಿಪ್ಪುನೇರಳೆ ತೋಟದ ಒಳಗಿಂದ ಸುತ್ತಿಕೊಂಡು ಹೋಗ್ತಾ ಇದ್ದೀನಿ. ಇವತ್ತು ತೋಟದೋರು ನನ್ನ ಸೊಪ್ಪಿನ ಕಳ್ಳ ಅಂದ್ಕೊಂಡ್ರು."

ಸೀಲು ವಾಪಸು ಹೋಗಿತ್ತು, ಕವರುಗಳು ಮುಗಿದಿದ್ದವು. ಇದು ಕಳೆದರೆ ಇನ್ನೊಂದು ಮಾಡುವ ಹಾಗಿಲ್ಲ. ಆ ಅಜ್ಜಿಯನ್ನು ಎರಡನೇ ಸಲವೂ ಸುಮ್ಮನೆ ಕಾಯಿಸಿದವರು ನಾವಾಗುತ್ತೇವೆ. ಪೋಸ್ಟ್ ಮಾಸ್ಟರು ಬಂದ ಚೀಲಗಳನ್ನೆಲ್ಲ ತಾವೇ ಬಗ್ಗಿ ನೋಡತೊಡಗಿದರು.

ಒಂದು ಬೆಳಿಗ್ಗೆ ಫೋನು ಬಂತು. "ಬಂತು ಮೇಡಂ!" ಪೋಸ್ಟ್ ಮಾಸ್ಟರು ನನ್ನನ್ನು ಅಲ್ಲಿಗೆ ಓಡಿಸಿದರು. ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಬೇಕಿತ್ತು.

ಪೋಸ್ಟ್‌ಮ್ಯಾನ್ ಅಂದು ಇಸ್ತ್ರಿ ಮಾಡಿದ ಖಾಕಿ ಹಾಕಿದ್ದ. ಎದುರಿನ ರಸ್ತೆಯಲ್ಲೇ ಬೆಲ್ಲು ಹೊಡೆಯುತ್ತಾ ಬಂದು, ಬಾಗಿಲಲ್ಲಿ ನಿಂತು, "ಅವ್ವಾ, ಕಾಗದ!" ಅಂದ. ಅಕ್ಕಪಕ್ಕದವರೆಲ್ಲ ಸೇರಿದರು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಲಿ ತೆಗೆದುಕೊಂಡರು. ಬಾವುಟದ ಮೇಲೆ ಬೆರಳಾಡಿಸಿದರು. ಹೆಸರು ಓದಿಸಿಕೊಂಡರು. ಕಣ್ಣಲ್ಲಿ ನೀರು. ನಾನು ಫೋನು ಎತ್ತಿ ಫೋಟೋ ತೆಗೆದೆ.

ಆಮೇಲೆ ಅಜ್ಜಿ ಕವರನ್ನು ಒತ್ತಿ ನೋಡಿದರು. "ಒಳಗೆ ದಪ್ಪಕ್ಕೆ ಏನೋ ಅದೆ!" ಅಂದವರೇ, ನಾವು ಬಾಯಿ ತೆಗೆಯುವ ಮೊದಲೇ ಅಂಚು ಹರಿದುಬಿಟ್ಟರು.

ಈ ವಿಶೇಷ ಕವರುಗಳಲ್ಲಿ ಒಳಗೆ ಏನೂ ಇರುವುದಿಲ್ಲ. ಮಡಚಿಹೋಗದಿರಲಿ ಅಂತ ಒಂದು ಬಿಳೀ ರಟ್ಟು ಇಟ್ಟಿರುತ್ತಾರೆ, ಅಷ್ಟೇ. ಕೊಳ್ಳುವವರು ಯಾರೂ ತೆರೆಯುವುದಿಲ್ಲವಾದ್ದರಿಂದ ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ.

ಅಜ್ಜಿ ರಟ್ಟನ್ನು ಹೊರಗೆ ತೆಗೆದರು. ಈ ಕಡೆ ತಿರುಗಿಸಿದರು. ಆ ಕಡೆ ತಿರುಗಿಸಿದರು. ಬೆಳಕಿಗೆ ಹಿಡಿದರು. ಕವರಿನೊಳಗೆ ಇಣುಕಿದರು.

"ಏಮಮ್ಮಾ, ಲೋಪಲ ಏಮೀ ಲೇದೇ! ಬರೀ ಖಾಲಿ!"

ಪೋಸ್ಟ್‌ಮ್ಯಾನ್ ತೋಟದ ಕಡೆ ನೋಡುತ್ತಿದ್ದ. ನಾನು ಬಗ್ಗಿದೆ, ಆದರೆ ಅಲ್ಲಿ ಗೋಂದಿನ ಬಾಟಲಿ ಇರಲಿಲ್ಲ.

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. "ಅವನು ಆಗ್ಲೂ ಹಿಂಗೇ ಕಣಮ್ಮಾ! ಸ್ಲೇಟು ಕೊಟ್ರೆ ಒಂದಕ್ಷರ ಬರೀತಿರ್ಲಿಲ್ಲ. ಮೇಷ್ಟ್ರು ಹೊಡೆದು ಹೊಡೆದು ಸಾಕಾಗ್ಬಿಟ್ರು. ಇಷ್ಟು ವರ್ಷ ಆದ್ಮೇಲೆ ಕಾಗದ ಹಾಕವ್ನೆ, ಈಗ್ಲೂ ಒಂದಕ್ಷರ ಬರೀಲಿಲ್ಲ ನೋಡು, ಸೋಮಾರಿ!"

ನೆರೆದವರೆಲ್ಲ ನಕ್ಕರು. ಪೋಸ್ಟ್‌ಮ್ಯಾನ್ ಕಣ್ಣು ಒರೆಸಿಕೊಂಡೇ ನಕ್ಕ. ಅಜ್ಜಿ ಆ ರಟ್ಟನ್ನು ನನ್ನ ಕೈಗಿಟ್ಟರು.

"ನೀನು ಓದಿದೋಳಲ್ವಾ, ಇದ್ರಲ್ಲೇ ಬರಿ. ಕಾಗದ ಸೇರ್ತು ಅಂತ ಬರಿ. ನಾನು ಚೆನ್ನಾಗಿದ್ದೀನಿ ಅಂತ ಬರಿ. ಮುಂದಿನ ಸಲ ಎರಡು ಮಾತಾದ್ರೂ ಬರೀಬೇಕು ಅಂತ ಹೇಳು."

ದುಂಡಗೆ ಬರೆದುಕೊಟ್ಟೆ. ಅಜ್ಜಿ ಅದನ್ನು ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟರು. ಅವನು ಆ ಕಡೆ ಈ ಕಡೆ ತಿರುಗಿಸಿ, ಮೆಲ್ಲಗೆ ಕೇಳಿದ.

"ಅವ್ವಾ, ಇದನ್ನ ಯಾವ ವಿಳಾಸಕ್ಕೆ ಕಳ್ಸೋದು?"

"ನನ್ನ ಕೇಳ್ತೀಯೇನ್ಲಾ?" ಅಂದರು ಅಜ್ಜಿ. "ಅವನ ಹತ್ರದಿಂದ ತಂದಿದ್ದು ನೀನೇ ತಾನೆ!"