ದೊಡ್ಡಮ್ಮನ ಆರು ಫಿಂಚುಗಳು

ನಮ್ಮ ದೊಡ್ಡಮ್ಮನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಜೆ.ಪಿ. ನಗರದ ಅವರ ಬೀದಿಯವರು ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ ಅಷ್ಟೆ!

ಕಾರಣ, ಬಾಲ್ಕನಿಯ ಪಂಜರದಲ್ಲಿರುವ ಆರು ಫಿಂಚುಗಳು. ಒಂದೊಂದೂ ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿ. ದರ್ಬಾರು ಮಾತ್ರ ಅರಮನೆಯದು! ಬೆಳಿಗ್ಗೆ ನವಣೆ, ಹತ್ತಕ್ಕೆ ತೊಳೆದು ಒರೆಸಿದ ಪಾಲಕ್, ಮಧ್ಯಾಹ್ನ ಸೌತೆಕಾಯಿ ಹೋಳು, ದಿನಕ್ಕೆರಡು ಸಲ ಹೊಸ ನೀರು. ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆ. ಈರುಳ್ಳಿಯನ್ನೂ ಒಳಗೆ ಬಿಡದ ಮಡಿಯ ಮನೆಯಲ್ಲಿ ಮೊಟ್ಟೆ! ಅದಕ್ಕೆಂದೇ ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ದೊಡ್ಡಪ್ಪ ಒಮ್ಮೆ ಆಸೆಯಿಂದ ಆ ಕಡೆ ನೋಡಿದ್ದಕ್ಕೆ, ಹಕ್ಕಿಗಾದರೆ ಔಷಧ, ನಿಮಗಾದರೆ ಬಾಯಿಚಪಲ ಎಂದು ಗದರಿದರಂತೆ.

ನಾನೊಂದು ನಾನ್‌ಸ್ಟಿಕ್ ತವಾ ಉಡುಗೊರೆ ಕೊಟ್ಟೆ. ಅದು ಕಾದರೆ ಬರುವ ಹೊಗೆ ಹಕ್ಕಿಗೆ ವಿಷ ಎಂದು ಡಬ್ಬಿಯನ್ನೂ ಬಿಚ್ಚದೆ ವಾಪಸು ಕೊಟ್ಟರು. ಅಗರಬತ್ತಿಯೂ ಬಂದ್, ದೇವರಿಗೆ ಬರೀ ಹೂವು. ದೇವರು ಹೊಂದಿಕೊಳ್ಳುತ್ತಾನೆ, ಫಿಂಚು ಹೊಂದಿಕೊಳ್ಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಇದಕ್ಕೆ ಏನೆನ್ನುತ್ತೀರಿ?

ಇಂಥ ದೊಡ್ಡಮ್ಮನಿಗೆ ಮಂಡಿ ಆಪರೇಷನ್ ಆಯಿತು. ದೊಡ್ಡಪ್ಪ ಆಸ್ಪತ್ರೆಯಲ್ಲಿ ಅವರ ಜೊತೆಗೆ, ಹಕ್ಕಿಗಳು ನನ್ನ ಪಾಲಿಗೆ. ದೊಡ್ಡಮ್ಮ ನಾಲ್ಕು ಪುಟ ಬರೆದು ಕೊಟ್ಟಿದ್ದರು. ಸೊಪ್ಪು ತೊಳೆಯುವುದಕ್ಕೇ ಅರ್ಧ ಪುಟ! ಬೆಳಿಗ್ಗೆ ನವಣೆ ಹಾಕು ಎಂದಿತ್ತು. ಹಿಂದಿನ ದಿನದ್ದೇ ಬಟ್ಟಲ ತುಂಬ ಇದ್ದುದರಿಂದ ನಾನು ಹಾಕಲಿಲ್ಲ. ಆಪರೇಷನ್ ಮುಗಿದು ಎಚ್ಚರವಾದ ತಕ್ಷಣ ದೊಡ್ಡಮ್ಮ ಫೋನಿನಲ್ಲಿ ವಿಚಾರಿಸಿದ್ದು ಕಾಲನ್ನಲ್ಲ, ಫಿಂಚುಗಳನ್ನು. ಬಟ್ಟಲು ಅಂಚಿನವರೆಗೂ ತುಂಬಿದೆ, ಯೋಚನೆ ಬೇಡ ಎಂದು ಜಂಬದಿಂದ ಹೇಳಿದೆ.

ಮರುದಿನ ನೋಡಿದರೆ ಚಿಲಿಪಿಲಿಯೇ ಇಲ್ಲ! ಎಲ್ಲಕ್ಕಿಂತ ಸಣ್ಣದು ಪಂಜರದ ತಳದಲ್ಲಿ ಗರಿ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿತ್ತು. ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಕಾಳಿನ ಬಟ್ಟಲನ್ನ ಒಂದ್ಸಲ ಊದು," ಎಂದರು.

ಊದಿದೆ. ಹೊಟ್ಟು ಹಾರಿ ನನ್ನ ಮುಖಕ್ಕೇ ಬಂತು. ಕೆಳಗೆ ಒಂದು ಕಾಳೂ ಇರಲಿಲ್ಲ! ಫಿಂಚುಗಳು ಕಾಳನ್ನು ಸುಲಿದು ತಿಂದು ಸಿಪ್ಪೆಯನ್ನು ಬಟ್ಟಲಲ್ಲೇ ಬಿಡುತ್ತವೆ. ಆ ಸಿಪ್ಪೆಯನ್ನೇ ನಾನು ನವಣೆ ಎಂದುಕೊಂಡು ಹಕ್ಕಿಗಳನ್ನು ಉಪವಾಸ ಕೆಡವಿದ್ದೆ.

ಹೊಸ ನವಣೆ ಸುರಿದೆ. ಐದು ಹಕ್ಕಿಗಳು ಮುಗಿಬಿದ್ದವು. ಸಣ್ಣದನ್ನು ದೊಡ್ಡಮ್ಮ ಹೇಳಿದಂತೆ ಅಂಗೈಯಲ್ಲಿ ಬೆಚ್ಚಗೆ ಹಿಡಿದು, ಕೊಕ್ಕಿನ ಮುಂದೆ ಕಾಳು ಇಟ್ಟು ಕೂತೆ. ಎಷ್ಟೋ ಹೊತ್ತಿನ ಮೇಲೆ ಅದು ಕಣ್ಣು ಬಿಟ್ಟು ಒಂದು ಕಾಳು ಕಚ್ಚಿತು. ನಾನು ಬೈಸಿಕೊಳ್ಳಲು ತಯಾರಾದೆ.

"ತಪ್ಪಾಯ್ತು ದೊಡ್ಡಮ್ಮ. ಅಷ್ಟೆಲ್ಲ ಬರೆದು ಕೊಟ್ಟಿದ್ರಿ."

ದೊಡ್ಡಪ್ಪ ಕಾಫಿ ತರಲು ಹೊರಗೆ ಹೋಗಿದ್ದರು. ಆದರೂ ದೊಡ್ಡಮ್ಮ ದನಿ ತಗ್ಗಿಸಿದರು.

"ಇದೊಂದನ್ನ ಬರೆದಿರ್ಲಿಲ್ಲ ಕಣೋ. ಬರೆಯಕ್ಕೆ ಕೂತೆ, ಕೈ ಓಡ್ಲಿಲ್ಲ. ಮೊದಲ್ನೇ ಸಲ ತಂದ ಜೋಡಿ ಹೀಗೇ ಹೋಯ್ತು. ಬಟ್ಟಲು ತುಂಬಿದೆ ಅಂತ ನಾನೂ ಸುಮ್ನಿದ್ದೆ. ನಿಮ್ಮ ದೊಡ್ಡಪ್ಪಂಗೂ ಹೇಳಿಲ್ಲ."

ಇವರ ಹುಚ್ಚಾಟಕ್ಕೆ ನಾವೆಲ್ಲ ಎಷ್ಟು ನಕ್ಕಿದ್ದೆವು! ನನಗೆ ಅಳು ಬಂತು. ಫೋನನ್ನು ಹಕ್ಕಿಯ ಹತ್ತಿರ ಹಿಡಿದೆ. ಅದು ಎರಡನೆಯ ಕಾಳು ಸುಲಿಯುತ್ತಿತ್ತು. ದೊಡ್ಡಮ್ಮ ಅದನ್ನೇ ನೋಡುತ್ತ ಕಣ್ಣೊರೆಸಿಕೊಂಡರು.

"ತಿನ್ನು ಕಂದಾ," ಎಂದರು.