ಎಂಟುನೂರು ಗ್ರಾಂ ಆಫ್ರಿಕಾ

ಚಿತ್ರಕಲೆಯ ಮಾಷ್ಟ್ರು ರಘುವೀರ ರಾಯರು ಮಾಡಿದ ತಪ್ಪು ಒಂದೇ. ತಮ್ಮ ಪ್ರಯಾಣದ ಚೀಲವನ್ನು ತೂಗಿಸಲು ಪರ್ಕಳ ಪೇಟೆಯ ಸರ್ವೋತ್ತಮನ ಜೀನಸು ಅಂಗಡಿಗೆ ಒಯ್ದರು.

ಮರುದಿನ ಬೆಳಿಗ್ಗೆ ಅವರು ಕೀನ್ಯಾಕ್ಕೆ ಹೊರಡುವವರಿದ್ದರು. ನೈರೋಬಿಯಿಂದ ಕಾಡಿಗೆ ಹಾರುವ ಪುಟ್ಟ ವಿಮಾನದಲ್ಲಿ ಒಬ್ಬರಿಗೆ ಹದಿನೈದು ಕಿಲೋ ಮಾತ್ರ; ಕೈಚೀಲವೂ ಅದರಲ್ಲೇ ಸೇರಿತು. ಆ ವಿಮಾನ, ಕಾಡಿನ ಡೇರೆ, ವೀಸಾ, ಹಳದಿ ಜ್ವರದ ಚುಚ್ಚುಮದ್ದು ಎಲ್ಲವನ್ನೂ ರಾಯರು ತಾವೇ ಕಂಪ್ಯೂಟರಿನ ಮುಂದೆ ಕುಳಿತು ಗೊತ್ತುಮಾಡಿದ್ದರು. ಹಿಂದೊಮ್ಮೆ ಟೂರಿನವರ ಜೊತೆ ಕಾಶ್ಮೀರಕ್ಕೆ ಹೋಗಿ ಹಿಮಕ್ಕಿಂತ ಹೆಚ್ಚಾಗಿ ಸಹಪ್ರಯಾಣಿಕರ ಬೆನ್ನು ನೋಡಿ ಬಂದವರು ಅವರು. ಆದ್ದರಿಂದ ಟೂರಿನವರ ಹಂಗು ಬೇಡ ಎಂದುಕೊಂಡಿದ್ದರು. ಪರಿಚಯದವರ ಹಂಗಂತೂ ಬೇಡವೇ ಬೇಡ. ಹೆಂಡತಿ ವಸಂತಿಯ ಹೊರತು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಆಗುಂಬೆ ಘಾಟಿ ಹತ್ತಿದರೇ ತಲೆ ತಿರುಗುವ ವಸಂತಿ, "ಸಿಂಹ ಪಿಲಿಕುಳದ ಝೂನಲ್ಲಿ ಇಲ್ವಾ?" ಎಂದು ಒಮ್ಮೆ ಕೇಳಿ ಸುಮ್ಮನಾಗಿದ್ದಳು.

ರಾಯರಿಗೆ ಬೇಕಿದ್ದುದು ಸಿಂಹವಲ್ಲ. ಮಾರಾ ಎಂಬ ಹೊಳೆಯನ್ನು ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ದಾಟುವುದನ್ನು ಅವರು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿದ್ದರು. ನೋಡುತ್ತಾ ಉಸಿರು ಬಿಡುವುದನ್ನೇ ಮರೆತಿದ್ದರು. ಆ ದಡದಲ್ಲಿ ಕುಳಿತು, ಕಣ್ಣಾರೆ ಕಂಡು, ಅದನ್ನು ಬಿಡಿಸಬೇಕು. ಇಷ್ಟು ವರ್ಷ ಮಕ್ಕಳಿಗೆ ಸೇಬು, ಹೂಜಿ ಬಿಡಿಸಲು ಕಲಿಸಿದ ಕೈಗೆ ಒಮ್ಮೆಯಾದರೂ ಅಂಥದ್ದೊಂದು ಸಿಗಬೇಕು. ಅದಕ್ಕಾಗಿ ಚೀಲದಲ್ಲಿ ಬಟ್ಟೆ ಕಡಿಮೆ ಮಾಡಿ ದೊಡ್ಡ ಖಾಲಿ ಚಿತ್ರಪುಸ್ತಕ, ಬಣ್ಣದ ಪೆಟ್ಟಿಗೆ, ದುರ್ಬೀನು ತುಂಬಿಸಿದ್ದರು.

ತಕ್ಕಡಿ ಹದಿನಾಲ್ಕು ಕಿಲೋ ಇನ್ನೂರು ಗ್ರಾಂ ತೋರಿಸಿತು.

"ಅಬ್ಬ, ಎಂಟುನೂರು ಗ್ರಾಂ ಉಳಿಯಿತು," ಎಂಬ ಮಾತು ರಾಯರ ಬಾಯಿಂದ ಜಾರಿತು.

"ಉಳಿದದ್ದಾ? ಎಲ್ಲಿಗೆ ಹೊರಟದ್ದು ಮಾಷ್ಟ್ರೇ?" ಎಂದ ಸರ್ವೋತ್ತಮ.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. "ಆಫ್ರಿಕಾಕ್ಕೆ," ಎಂದುಬಿಟ್ಟಿತು.

ಹೆಸರುಕಾಳು ಅಳೆಯುತ್ತಿದ್ದ ಸರ್ವೋತ್ತಮನ ಕೈ ನಿಂತಿತು. "ನನ್ನ ಭಾವ ಅಲ್ಲೇ ಇರುದಲ್ವಾ, ಲಾಗೋಸಿನಲ್ಲಿ. ಒಂದು ಕಟ್ಟು ಹಲಸಿನ ಹಪ್ಪಳ ಕೊಡ್ತೇನೆ. ಹಪ್ಪಳಕ್ಕೆ ತೂಕ ಎಲ್ಲಿ ಉಂಟು?"

"ಲಾಗೋಸ್ ಬೇರೆ ದೇಶ ಮಾರಾಯ. ನಾನು ಹೋಗುವುದು ಕೀನ್ಯಾಕ್ಕೆ."

"ಖಂಡ ಒಂದೇ ಅಲ್ವಾ."

ನಮ್ಮೂರಿನಲ್ಲಿ ಪರದೇಶಕ್ಕೆ ಹೊರಟವನು ಮನುಷ್ಯನಲ್ಲ, ಅಂಚೆಚೀಲ. ದುಬೈಗೆ ಹೋಗುವವನ ಮನೆಗೆ ಹಿಂದಿನ ದಿನ ಬರುವ ಉಪ್ಪಿನಕಾಯಿಯಲ್ಲಿ ಒಂದು ಮದುವೆ ಸುಧಾರಿಸಬಹುದು. ರಾಯರು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಪಕ್ಕದ ಮನೆಯ ಚಂಪಕ್ಕ ಮಾವಿನ ಮಿಡಿಯ ಭರಣಿ ಅಪ್ಪಿಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಮಗಳು ವಿಜೇತಾ ಇರುವುದು ಡರ್ಬನ್‌ನಲ್ಲಿ. ಅದೂ ಆಫ್ರಿಕಾ. ಮಧ್ಯಾಹ್ನದೊಳಗೆ ಶಾಲೆಯ ಭಾವನಾ ಟೀಚರ ತವರಿನಿಂದ ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬ ಇಳಿಯಿತು. ಅದು ಘಾನಾದಲ್ಲಿರುವ ತಮ್ಮನಿಗೆ ಎನ್ನುತ್ತಾ ಟೀಚರೂ ಬಂದರು, ಹಪ್ಪಳದ ಕಟ್ಟು ಹಿಡಿದು ಸರ್ವೋತ್ತಮನೂ ಬಂದ. 'ಇಲ್ಲ' ಎಂಬ ಮಾತು ರಾಯರ ಗಂಟಲಲ್ಲಿ ಹುಟ್ಟುತ್ತಿತ್ತು. ಹೊರಗೆ ಬರುವಾಗ ಮಾತ್ರ 'ನೋಡುವ' ಆಗುತ್ತಿತ್ತು.

ಕೊನೆಗೆ ಅವರು ಸೀಮೆಸುಣ್ಣ ತಂದು ಜಗಲಿಯ ಕೆಂಪು ನೆಲದ ಮೇಲೆ ಇಡೀ ಆಫ್ರಿಕಾವನ್ನು ಬಿಡಿಸಿದರು. ಮಾಷ್ಟ್ರ ಕೈ ಅಲ್ಲವೇ, ಒಂದೇ ಗೆರೆಯಲ್ಲಿ ಖಂಡ ಮೂಡಿತು.

"ಇಲ್ಲಿ ನಾನು ಇಳಿಯುವುದು. ಲಾಗೋಸ್ ಇಲ್ಲಿ. ಪರ್ಕಳದಿಂದ ದಿಲ್ಲಿಗೆ ಹೋಗಿ ಬಂದಷ್ಟು ದೂರ. ಡರ್ಬನ್ ಇಲ್ಲಿ, ಕೆಳಗೆ."

ಎಲ್ಲರೂ ಬಗ್ಗಿ ನೋಡಿದರು. ಬೆರಗಿನಿಂದ ತಲೆದೂಗಿದರು. ಆಮೇಲೆ ಸರ್ವೋತ್ತಮ ಹಪ್ಪಳದ ಕಟ್ಟನ್ನು ಲಾಗೋಸಿನ ಮೇಲೆ ಇಟ್ಟ. ಚಂಪಕ್ಕ ಭರಣಿಯನ್ನು ಡರ್ಬನ್‌ನ ಮೇಲೆ ಇಟ್ಟಳು. ಭಾವನಾ ಟೀಚರು ಘಾನಾ ಎಲ್ಲಿ ಎಂದು ಕೇಳಿ ತಿಳಿದುಕೊಂಡು ಡಬ್ಬ ಇಟ್ಟರು.

"ನಾನು ಹೋಗುವುದು ಇದಕ್ಕಲ್ಲ," ಎಂದರು ರಾಯರು. ಅಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಮೊದಲ ಬಾರಿ ಹೇಳಿದರು. ದನದ ಮೈ, ಆಡಿನ ಗಡ್ಡ, ಕುದುರೆಯ ಬಾಲದ ಪ್ರಾಣಿ. ಅವು ಹುಲ್ಲು ಹುಡುಕಿಕೊಂಡು ಬರುವಾಗ ಬಯಲೇ ನಡೆದು ಬಂದ ಹಾಗೆ ಕಾಣುತ್ತದೆ. ಹೊಳೆಯ ದಡಕ್ಕೆ ಬಂದು ನಿಲ್ಲುತ್ತವೆ. ನೀರಿನಲ್ಲಿ ಮೊಸಳೆ ಇರುವುದು ಅವಕ್ಕೂ ಗೊತ್ತು. ಗಂಟೆಗಟ್ಟಲೆ ನಿಲ್ಲುತ್ತವೆ, ಹಿಂದೆ ಸರಿಯುತ್ತವೆ, ಮತ್ತೆ ಬರುತ್ತವೆ. ಆಮೇಲೆ ಒಂದು ಹಾರುತ್ತದೆ. ಯಾಕೆ ಆ ಒಂದೇ, ಯಾಕೆ ಆಗಲೇ, ಯಾರಿಗೂ ಗೊತ್ತಿಲ್ಲ. ಅದರ ಹಿಂದೆ ಸಾವಿರ, ಅದರ ಹಿಂದೆ ಮತ್ತೆ ಸಾವಿರ. ದೂಳಿಗೆ ಸೂರ್ಯ ಕಾಣುವುದಿಲ್ಲ. ಕೆಲವನ್ನು ಹೊಳೆ ನುಂಗುತ್ತದೆ. ಉಳಿದವು ಆಚೆ ದಡ ಹತ್ತಿ, ಏನೂ ಆಗದ ಹಾಗೆ ಹುಲ್ಲು ಮೇಯುತ್ತವೆ.

ಕುಕ್ಕರಿನ ಸೀಟಿ ಕೇಳಿದರೂ ವಸಂತಿ ಅಲುಗಲಿಲ್ಲ. ಸರ್ವೋತ್ತಮನ ಕಣ್ಣು ಒದ್ದೆಯಾಗಿತ್ತು.

ಚಂಪಕ್ಕ ನಿಟ್ಟುಸಿರು ಬಿಟ್ಟಳು. "ಪಾಪ, ಮೊಸಳೆ ಇದ್ರೂ ಈಜಿಕೊಂಡು ಹೋಗ್ತಾವೆ. ನೀವು ವಿಮಾನದಲ್ಲಿ ಕೂತು ಒಂದು ಭರಣಿ ಕೊಂಡೋಗ್ಲಿಕ್ಕೆ ಆಗುದಿಲ್ವಾ ಮಾಷ್ಟ್ರೇ?"

ಆಗ ರಾಯರಿಗೆ ಉಪಾಯ ಹೊಳೆಯಿತು. ಕಾಡಿನ ಡೇರೆಗಳ ವ್ಯವಸ್ಥಾಪಕನ ಜೊತೆ ಅವರು ತಿಂಗಳುಗಟ್ಟಲೆ ಇಂಗ್ಲಿಷಿನಲ್ಲಿ ಪತ್ರವ್ಯವಹಾರ ಮಾಡಿದ್ದರು. ಹೆಸರು ಡೆನ್ವರ್. ರಾಯರ ಕಲ್ಪನೆಯಲ್ಲಿ ಆತ ಮೊಣಕಾಲುದ್ದದ ಬೂಟು ಹಾಕಿದ, ಕೆಂಪು ಗಡ್ಡದ ದೊರೆ. ಆತನ ಬಾಯಿಂದಲೇ ನಿಯಮ ಕೇಳಿಸಿದರೆ ಮುಗಿಯಿತಲ್ಲ ಎಂದು ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

"ಸರ್, ಹದಿನೈದು ಕಿಲೋ," ಎಂದಿತು ಗಡಸು ಇಂಗ್ಲಿಷು. "ಒಂದು ಗ್ರಾಂ ಹೆಚ್ಚಾದರೂ ಪೈಲಟ್ ಅಲ್ಲೇ ಇಳಿಸುತ್ತಾನೆ. ಯಾರಿಗೂ ವಿನಾಯಿತಿ ಇಲ್ಲ."

"ದಾದ ಪನ್ಪೆ ಆಯೆ?" ಎಂದು ಚಂಪಕ್ಕ ತುಳುವಿನಲ್ಲಿ ಗಟ್ಟಿಯಾಗಿಯೇ ಕೇಳಿದಳು, ಏನು ಹೇಳುತ್ತಾನೆ ಅವನು ಎಂದು.

ಫೋನಿನ ದನಿಯ ಗಡಸು ಇಳಿಯಿತು. ಆಮೇಲೆ, "ಸರ್, ನಿಮ್ಮ ಮನೆಯ ವಿಳಾಸ ಸರಿಯಾಗಿ ಹೇಳುತ್ತೀರಾ?" ಎಂದು ಕೇಳಿತು. ಇಂಥ ಕಾಡಿನಲ್ಲಿ ಮನೆಯವರ ವಿಳಾಸ ಬರೆದಿಟ್ಟುಕೊಳ್ಳುವುದು ನ್ಯಾಯವೇ ಎಂದು ರಾಯರು ಓಣಿ, ಗೇಟಿನ ಬಣ್ಣದ ಸಮೇತ ಹೇಳಿದರು.

ದೊರೆಯ ಮಾತಿಗೆ ಎದುರಿಲ್ಲ. ಹಪ್ಪಳ ಲಾಗೋಸಿನಿಂದ ಎದ್ದಿತು, ಭರಣಿ ಡರ್ಬನ್‌ನಿಂದ ಎದ್ದಿತು. ಜಗಲಿಯಲ್ಲಿ ಬರಿ ಆಫ್ರಿಕಾ ಉಳಿಯಿತು. ರಾಯರು ಅದನ್ನು ಒರೆಸಲು ಮನಸ್ಸು ಬಾರದೆ ಸಂಜೆಯವರೆಗೂ ನೋಡುತ್ತಾ ಕುಳಿತರು.

ದೀಪ ಹಚ್ಚುವ ಹೊತ್ತಿಗೆ ಗೇಟಿನ ಮುಂದೆ ರಿಕ್ಷಾ ನಿಂತಿತು. ವಯಸ್ಸಾದ ಕ್ರೈಸ್ತ ಬಾಯಮ್ಮ ಒಬ್ಬರು ಇಳಿದರು. ಅವರ ಹಿಂದೆಯೇ, ಹೊಲಿದು ಬಿಗಿದ ಗೋಣಿಚೀಲ ಇಳಿಯಿತು. ಅದಕ್ಕಿಂತ ಮೊದಲೇ ಒಣಮೀನಿನ ವಾಸನೆ ಇಳಿದಿತ್ತು. ವಸಂತಿ ಸೆರಗನ್ನು ಮೂಗಿಗೆ ಒತ್ತಿದಳು. ಆ ಮನೆಯಲ್ಲಿ ಈರುಳ್ಳಿಯೂ ಏಕಾದಶಿ ನೋಡಿ ಒಳಗೆ ಬರುವುದು.

"ನಾನು ಗ್ಲ್ಯಾಡಿಸ್, ಕಾಪುವಿನಿಂದ. ದೀಪಸ್ತಂಭದ ಹತ್ತಿರ ನಮ್ಮ ಮನೆ. ಡೆನ್ವರನ ಅಮ್ಮ."

ರಾಯರ ಮನಸ್ಸಿನಲ್ಲಿ ಕೆಂಪು ಗಡ್ಡ ಉದುರಿಬಿತ್ತು.

"ಫೋನಿನಲ್ಲಿ ತುಳು ಕೇಳಿ ಅವನಿಗೆ ಎದೆ ಝಲ್ಲೆಂದಿತಂತೆ. ಊರಿಗೆ ಬರದೆ ಎಷ್ಟೋ ವರ್ಷ ಆಯ್ತು. ಹದಿನೈದು ಕಿಲೋ ಜಾಗ ಉಂಟು, ಮಾಷ್ಟ್ರು ಅವರೇ ಕೇಳಿ ಖಾತ್ರಿ ಮಾಡ್ಕೊಂಡಿದ್ದಾರೆ ಅಂದ. ಕುಚ್ಚಲಕ್ಕಿ, ಬಫಾತ್ ಮಸಾಲೆ ಪುಡಿ, ಸ್ವಲ್ಪ ಒಣಮೀನು. ಸರಿ ಹದಿನೈದೇ ಉಂಟು. ನಿಮ್ಮ ಬಟ್ಟೆಬರೆ ಬೇಡವಂತೆ. ಅಂಗಿ, ಪ್ಯಾಂಟು ಎಲ್ಲ ಅವನೇ ಕೊಡ್ತಾನಂತೆ."

"ನನ್ನ ಚಿತ್ರಪುಸ್ತಕ," ಎಂದು ರಾಯರು ಶುರುಮಾಡಿದರು.

"ಅವನು ಆ ಪ್ರಾಣಿಗಳ ವೀಡಿಯೋ ಕಳಿಸ್ತಾ ಇರ್ತಾನೆ. ಸಾವಿರಗಟ್ಟಲೆ ಹಾರ್ತಾವೆ. ನಾನು ಕೇಳುದು ಹಿಂದಿನಿಂದ ಮಾತಾಡುವ ಅವನ ಸ್ವರ ಸೋತಿದೆಯಾ ಅಂತ, ಅಷ್ಟೇ." ಗ್ಲ್ಯಾಡಿಸ್ ಬಾಯಮ್ಮ ಚೀಲದ ಹೊಲಿಗೆಯನ್ನು ಸವರಿದರು. "ಯಾವ ದಡದಲ್ಲಿ ಕೂತ್ರೆ ಚಂದ ಕಾಣ್ತದೆ ಅಂತ ಅವನಿಗೆ ಮಾತ್ರ ಗೊತ್ತಂತೆ. ಚೀಲ ತಲುಪಿದ ಕೂಡಲೇ ಕರ್ಕೊಂಡು ಹೋಗ್ತಾನಂತೆ."

ರಾಯರು ಆ ಮುದಿ ಬೆರಳುಗಳನ್ನು ನೋಡಿದರು. ದಡದ ನೆನಪೂ ಆಯಿತು. 'ನೋಡುವ' ಎಂದರು. ಈ ಸಲ ಗಂಟಲಲ್ಲಿ ಬೇರೆ ಮಾತು ಹುಟ್ಟಲೇ ಇಲ್ಲ.

ಅಷ್ಟರಲ್ಲಿ ಕಂಪೌಂಡಿನ ಮೇಲೆ ತಲೆಗಳು ಮೂಡಿದ್ದವು. ಯಾರೂ ಕರೆಯದಿದ್ದರೂ ಸರ್ವೋತ್ತಮ ಅಂಗಡಿಯ ತಕ್ಕಡಿಯನ್ನೇ ಹೊತ್ತು ತಂದಿದ್ದ. "ಪೈಲಟ್ ಇಳಿಸಿಬಿಟ್ರೆ ಕಷ್ಟ ಅಲ್ವಾ," ಎಂದು ಗೋಣಿಯನ್ನು ಎತ್ತಿ ಇಟ್ಟ. ಕಾಪುವಿನ ತಕ್ಕಡಿ ಕಾಪುವಿನದ್ದು, ಪರ್ಕಳದ್ದು ಪರ್ಕಳದ್ದು.

"ಹದಿನಾಲ್ಕು ಇನ್ನೂರು," ಎಂದ ಸರ್ವೋತ್ತಮ ಮೆಲ್ಲಗೆ. "ಎಂಟುನೂರು ಗ್ರಾಂ ಉಳಿದಿದೆ."

ರಾಯರು ಓಡಿದರು. ಚಿತ್ರಪುಸ್ತಕ ಎದೆಗವಚಿಕೊಂಡು ಜಗಲಿಗೆ ಮರಳುವಾಗ ಚಂಪಕ್ಕನ ಭರಣಿ ಗೋಣಿಯ ಮೇಲೆ ಕುಳಿತಾಗಿತ್ತು. ತಕ್ಕಡಿ ಸರಿಯಾಗಿ ಹದಿನೈದು ತೋರಿಸುತ್ತಿತ್ತು.

"ಅಲ್ಲಿಂದ ಡರ್ಬನ್‌ಗೆ ಡೆನ್ವರ್ ಯಾರ ಕೈಲಾದ್ರೂ ಕಳಿಸ್ತಾನಂತೆ. ಬಾಯಮ್ಮ ಒಪ್ಪಿದ್ದಾರೆ," ಎಂದಳು ಚಂಪಕ್ಕ.

ರಾಯರು ಪುಸ್ತಕವನ್ನು ವಸಂತಿಯ ಕೈಗೆ ಕೊಟ್ಟರು. ಅದರಿಂದ ಒಂದೇ ಒಂದು ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ, ಪೆನ್ಸಿಲಿನ ತುಂಡಿನ ಜೊತೆ ಅಂಗಿಯ ಕಿಸೆಗೆ ಸೇರಿಸಿದರು. ಅಷ್ಟು ದೊಡ್ಡ ಹೊಳೆ ಆ ಹಾಳೆಯಲ್ಲಿ ಹಿಡಿಸುತ್ತದೋ ಇಲ್ಲವೋ, ಕಿಸೆಯನ್ನಂತೂ ಯಾರೂ ತೂಗುವುದಿಲ್ಲ ಎಂದು ಸಮಾಧಾನಪಟ್ಟುಕೊಂಡರು.

ಸರ್ವೋತ್ತಮ ಅದನ್ನೇ ನೋಡುತ್ತಿದ್ದ.

"ಕಿಸೆಗೆ ತೂಕ ಇಲ್ಲ ಅಂತಾಯ್ತು, ಅಲ್ವಾ ಮಾಷ್ಟ್ರೇ," ಎಂದು ಹತ್ತಿರ ಬಂದು, ಕಟ್ಟಿನಿಂದ ಒಂದು ಹಲಸಿನ ಹಪ್ಪಳ ತೆಗೆದು, ರಾಯರ ಕಿಸೆಯ ಅಗಲಕ್ಕೆ ಹಿಡಿದು ನೋಡತೊಡಗಿದ.